ಕಲುಷಿತ ಜಮೀನಿನಲ್ಲಿ ಸೌರ ಘಟಕ: ಅಮೆರಿಕದ ರಾಜ್ಯಗಳ ಪ್ರೋತ್ಸಾಹಧನ ಪಡೆಯುವ ಕ್ರಮ

ಮುಚ್ಚಿದ ಕಸದ ಲ್ಯಾಂಡ್‌ಫಿಲ್, ಬಾಗಿಲು ಹಾಕಿದ ಉಕ್ಕಿನ ಕಾರ್ಖಾನೆಯ ಅಂಗಳ, ಗಣಿ ಮುಗಿದ ಮೇಲೆ ಉಳಿದ ತ್ಯಾಜ್ಯದ ರಾಶಿ, ಹಳೆಯ ಗ್ಯಾಸ್ ಕಾರ್ಖಾನೆಯ ಟಾರು ಇಂಗಿದ ನೆಲ, ಇಂಥ ಜಮೀನಿನಲ್ಲಿ ಮನೆ ಕಟ್ಟುವುದು ಕಷ್ಟ, ಬೆಳೆ ತೆಗೆಯುವುದಂತೂ ಸಲ್ಲದು. ಆದರೆ ಅಲ್ಲಿ ಸೌರ ಫಲಕಗಳನ್ನು ನಿಲ್ಲಿಸಬಹುದು, ಕೆಲವೆಡೆ ಗಾಳಿಯಂತ್ರಗಳನ್ನೂ ನಿಲ್ಲಿಸಬಹುದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯಾದ ಇಪಿಎ 2008ರಲ್ಲಿ ‘ರೀ-ಪವರಿಂಗ್ ಅಮೆರಿಕಾಸ್ ಲ್ಯಾಂಡ್’ ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ಆ ದೇಶದ 1.9 ಲಕ್ಷಕ್ಕೂ ಹೆಚ್ಚು ತಾಣಗಳನ್ನು ಈ ದೃಷ್ಟಿಯಿಂದ ಪರಿಶೀಲಿಸಿ ಅದು ನಕ್ಷೆಯಲ್ಲಿ ತೋರಿಸಿದೆ. ಇಂಥ ನೆಲದಲ್ಲಿ ಘಟಕ ಕಟ್ಟಲು ಹೊಲದಲ್ಲಿ ಕಟ್ಟುವುದಕ್ಕಿಂತ ಹೆಚ್ಚು ಖರ್ಚು ಬೀಳುತ್ತದೆ, ಹೆಚ್ಚು ಕಾಲವೂ ಹಿಡಿಯುತ್ತದೆ. ಆ ವ್ಯತ್ಯಾಸವನ್ನು ತುಂಬಿಕೊಡದಿದ್ದರೆ ಡೆವಲಪರ್‌ಗಳು, ಅಂದರೆ ಘಟಕ ಕಟ್ಟುವ ಉದ್ಯಮಿಗಳು, ಕಾಡು ಮತ್ತು ಕೃಷಿಭೂಮಿಯತ್ತಲೇ ಹೋಗುತ್ತಾರೆಂಬುದನ್ನು ಅರಿತ ಹಲವು ರಾಜ್ಯಗಳು ಕಲುಷಿತ ಜಮೀನಿಗೆಂದೇ ಪ್ರತ್ಯೇಕ ಪ್ರೋತ್ಸಾಹಧನವನ್ನು ಇಟ್ಟಿವೆ.

ಅಂಥ ಜಮೀನಿನ ಮಾಲೀಕರಿಗೆ, ಹಳೆಯ ಲ್ಯಾಂಡ್‌ಫಿಲ್ಲನ್ನು ಏನು ಮಾಡುವುದೆಂದು ಯೋಚಿಸುತ್ತಿರುವ ಊರಿನ ಆಡಳಿತದಲ್ಲಿ ಕೆಲಸ ಮಾಡುವವರಿಗೆ ಹಾಗೂ ಈ ಕ್ಷೇತ್ರಕ್ಕೆ ಹೊಸದಾಗಿ ಕಾಲಿಡುತ್ತಿರುವ ಸಣ್ಣ ಡೆವಲಪರ್‌ಗಳಿಗೆ ಈ ಬರಹ. ಇಂಥ ಜಮೀನಿನ ವಿದ್ಯುತ್ತಿಗೆ ಸಿಗುವ ಹೆಚ್ಚುವರಿ ದರವನ್ನು ಕಂಡು ಜಮೀನನ್ನು ಆರಿಸಿ, ಆಮೇಲೆ ಅದರ ಕಾಗದಪತ್ರ ಹುಡುಕುತ್ತ ಹೋಗುವವರೇ ಹೆಚ್ಚು. ಕೆಲಸ ಕೆಡುವುದು ಅಲ್ಲಿಯೇ. ಜಮೀನಿನ ಪರಿಸರ ಕಡತ ಮತ್ತು ಹತ್ತಿರದ ವಿದ್ಯುತ್ ಮಾರ್ಗ ಇವೆರಡೂ ಸರಿಯಾಗಿದ್ದರೆ ಮಾತ್ರ ರಾಜ್ಯದ ಹಣ ಕೈಗೆ ಬರುತ್ತದೆ. ಆದ್ದರಿಂದ ಮುಂದಿನ ವಿವರಣೆ ಜಮೀನಿನ ಕಡತದಿಂದ ಆರಂಭವಾಗಿ, ಹಣದ ಬಗೆಗಳನ್ನು ಹೇಳಿ, ಗ್ರಿಡ್ ಮತ್ತು ಅರ್ಜಿಯಲ್ಲಿ ಮುಗಿಯುತ್ತದೆ.

ಜಮೀನು ಯಾವ ವರ್ಗಕ್ಕೆ ಸೇರುತ್ತದೆ?

‘ಕಲುಷಿತ’ ಎಂದು ಊರಿನವರೆಲ್ಲ ಹೇಳುವ ಜಮೀನು ಕಾನೂನಿನ ಲೆಕ್ಕದಲ್ಲಿ ಕಲುಷಿತವಾಗಿರಲೇಬೇಕೆಂದಿಲ್ಲ. ಫೆಡರಲ್, ಅಂದರೆ ಅಮೆರಿಕದ ಕೇಂದ್ರ ಸರ್ಕಾರದ, ಕಾನೂನಿನಲ್ಲಿ ಬ್ರೌನ್‌ಫೀಲ್ಡ್ ಎಂದರೆ, ಅಪಾಯಕಾರಿ ವಸ್ತು ಇರುವುದರಿಂದ ಅಥವಾ ಇರಬಹುದೆಂಬ ಶಂಕೆಯಿಂದ ಮರುಬಳಕೆಗೆ ತೊಡಕಾಗಿರುವ ಜಮೀನು. ಗಣಿಗಾರಿಕೆಯಿಂದ ಹಾಳಾದ ನೆಲವೂ ಇದರಲ್ಲಿ ಸೇರಬಹುದು. ಆದರೆ ಅತ್ಯಂತ ಕಲುಷಿತ ತಾಣಗಳ ರಾಷ್ಟ್ರೀಯ ಆದ್ಯತಾ ಪಟ್ಟಿಯಲ್ಲಿ, ಅಂದರೆ ಸೂಪರ್‌ಫಂಡ್ ಪಟ್ಟಿಯಲ್ಲಿ ಇರುವ ಜಮೀನನ್ನು ಈ ವ್ಯಾಖ್ಯಾನ ಹೊರಗಿಡುತ್ತದೆ. ಹೀಗಾಗಿ ಯಾರೂ ಅಲ್ಲಗಳೆಯಲಾಗದಷ್ಟು ವಿಷವಿರುವ ಜಮೀನಿಗೆ ‘ಬ್ರೌನ್‌ಫೀಲ್ಡ್’ ಎಂಬ ಹೆಸರಿನಡಿ ಸಿಗುವ ಫೆಡರಲ್ ಸೌಲಭ್ಯ ಸಿಗದೆ ಹೋಗಬಹುದು, ಅದೇ ಜಮೀನಿಗೆ ರಾಜ್ಯದ ಸೌಲಭ್ಯ ಸಿಗಲೂಬಹುದು.

ಪ್ರತಿ ರಾಜ್ಯವೂ ತನ್ನದೇ ವ್ಯಾಖ್ಯಾನವನ್ನು ಇಟ್ಟುಕೊಂಡಿದೆ. ಮ್ಯಾಸಚೂಸೆಟ್ಸ್‌ನ ಸೌರ ಕಾರ್ಯಕ್ರಮದಲ್ಲಿ ಬ್ರೌನ್‌ಫೀಲ್ಡ್ ಎನಿಸಿಕೊಳ್ಳಲು ಆ ಜಮೀನಿಗೆ ರಾಜ್ಯದ ಪರಿಸರ ಇಲಾಖೆ ಕೊಟ್ಟಿರುವ ಮಾಲಿನ್ಯ ಪ್ರಕರಣದ ಸಂಖ್ಯೆ ಇರಬೇಕು. ಅಷ್ಟೇ ಸಾಲದು: ಆ ಮಾಲಿನ್ಯದಿಂದಾಗಿಯೇ ಜಮೀನಿನ ಮರುಬಳಕೆಗೆ ಅಡ್ಡಿಯಾಗಿದೆ ಎಂದು ಇಂಧನ ಇಲಾಖೆ ಪರಿಸರ ಇಲಾಖೆಯೊಡನೆ ಸಮಾಲೋಚಿಸಿ ಒಪ್ಪಬೇಕು. ಹಿಂದೆ ಎಣ್ಣೆ ಚೆಲ್ಲಿದ್ದು ನಿಜವಾದರೂ ಈಗ ಅಲ್ಲಿ ಗೋದಾಮು ಚೆನ್ನಾಗಿ ನಡೆಯುತ್ತಿದ್ದರೆ ಈ ಎರಡನೆಯ ಷರತ್ತನ್ನು ದಾಟುವುದು ಕಷ್ಟ. ಇಲಿನಾಯ್‌ನಲ್ಲಿ ಜಮೀನು ರಾಜ್ಯದ ಸೈಟ್ ರಿಮೆಡಿಯೇಷನ್ ಪ್ರೋಗ್ರಾಂ (ತಾಣ ಶುಚೀಕರಣ ಕಾರ್ಯಕ್ರಮ) ಅಥವಾ ಘನತ್ಯಾಜ್ಯ ಕಾರ್ಯಕ್ರಮದಂಥ ನಿರ್ದಿಷ್ಟ ನಿಯಂತ್ರಣದಡಿ ಇರಬೇಕು. ನ್ಯೂಜೆರ್ಸಿಯು ಬ್ರೌನ್‌ಫೀಲ್ಡ್, ಹಿಂದೆ ಮಣ್ಣು ಕಸ ತುಂಬಿ ಎತ್ತರಿಸಿದ ನೆಲ, ವಿಧಿಬದ್ಧವಾಗಿ ಮುಚ್ಚಿದ ಲ್ಯಾಂಡ್‌ಫಿಲ್ ಎಂದು ಮೂರು ಬಗೆಯನ್ನು 2012ರ ಸೌರ ಕಾಯಿದೆಯಲ್ಲಿಯೇ ಹೆಸರಿಸಿತು. ‘ವಿಧಿಬದ್ಧವಾಗಿ ಮುಚ್ಚಿದ’ ಎಂಬ ಮಾತಿಗೆ ಇಲ್ಲಿ ದೊಡ್ಡ ತೂಕವಿದೆ. ಕಸ ಸುರಿಯುವುದನ್ನು ನಿಲ್ಲಿಸಿ ಮೇಲೆ ಮಣ್ಣು ಎಳೆದುಬಿಟ್ಟರೆ ಲ್ಯಾಂಡ್‌ಫಿಲ್ ಮುಚ್ಚಿದಂತಾಗುವುದಿಲ್ಲ.

ಆದ್ದರಿಂದ ಮೊದಲ ಕೆಲಸವೆಂದರೆ ರಾಜ್ಯದ ಪರಿಸರ ಇಲಾಖೆಯ ದಾಖಲೆಗಳಲ್ಲಿ ಆ ಜಮೀನಿನ ಪೂರ್ತಿ ಕಡತವನ್ನು ತರಿಸಿಕೊಂಡು ಓದುವುದು. ಯಾವ ಕಾರ್ಯಕ್ರಮದಡಿ ಪ್ರಕರಣ ದಾಖಲಾಗಿದೆ, ಹೊಣೆಗಾರರೆಂದು ಯಾರನ್ನು ಗುರುತಿಸಲಾಗಿದೆ, ಅಂತರ್ಜಲದ ಮಾಪನ ಇನ್ನೂ ನಡೆಯುತ್ತಿದೆಯೇ, ಜಮೀನಿನ ಬಳಕೆಗೆ ನಿರ್ಬಂಧ ಹೇರುವ ಪರಿಸರ ಕರಾರು ಪತ್ರ ನೋಂದಣಿಯಾಗಿದೆಯೇ ಎಂಬುದನ್ನು ಅಲ್ಲಿ ನೋಡಬೇಕು. ಆ ಕರಾರಿನಲ್ಲಿ ‘ನೆಲವನ್ನು ಅಗೆಯಬಾರದು’ ಎಂಬ ಒಂದು ಸಾಲು ಇದ್ದರೂ ಘಟಕದ ಇಡೀ ವಿನ್ಯಾಸ ಬದಲಾಗುತ್ತದೆ. ಇಂಥ ಸಂಗತಿ ಗುತ್ತಿಗೆಗೆ ಸಹಿ ಹಾಕುವ ಮೊದಲೇ ತಿಳಿದಿರಬೇಕು.

ಹೊಣೆಗಾರಿಕೆ ತಲೆಯ ಮೇಲೆ ಬೀಳದಂತೆ

ಸೂಪರ್‌ಫಂಡ್ ಕಾನೂನೆಂದು ಕರೆಯುವ 1980ರ ಕಾಯಿದೆಯ ಪ್ರಕಾರ, ಮಾಲಿನ್ಯ ಮಾಡಿದವರು ಬೇರೆಯವರಾದರೂ ಈಗ ಜಮೀನು ಹೊಂದಿರುವವರ ಮೇಲೆ ಶುಚಿಗೊಳಿಸುವ ಹೊಣೆ ಬೀಳಬಹುದು. ಬ್ಯಾಂಕುಗಳು ಇಂಥ ಯೋಜನೆಗೆ ಸಾಲ ಕೊಡಲು ಹಿಂಜರಿಯುವುದಕ್ಕೆ ಮುಖ್ಯ ಕಾರಣ ಇದೇ. ಮಾಲಿನ್ಯವಿದೆಯೆಂದು ಗೊತ್ತಿದ್ದೇ ಜಮೀನು ಕೊಳ್ಳುವ ಸದುದ್ದೇಶದ ಖರೀದಿದಾರರಿಗೆ 2002ರ ತಿದ್ದುಪಡಿ ರಕ್ಷಣೆ ನೀಡಿತು. 2018ರ ತಿದ್ದುಪಡಿ ಜಮೀನನ್ನು ಗುತ್ತಿಗೆಗೆ ಪಡೆದವರ ವಿಷಯದಲ್ಲಿ ಆ ರಕ್ಷಣೆಯನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಸೌರ ಘಟಕಗಳು ಬಹುಪಾಲು ಗುತ್ತಿಗೆಯ ಜಮೀನಿನಲ್ಲೇ ನಿಲ್ಲುವುದರಿಂದ ಈ ಎರಡನೆಯ ತಿದ್ದುಪಡಿಯ ಮಹತ್ವ ದೊಡ್ಡದು.

ಆ ರಕ್ಷಣೆ ತಾನಾಗಿಯೇ ಬರುವುದಿಲ್ಲ. ಜಮೀನು ಕೈಗೆ ಬರುವ ಮೊದಲೇ ನಿಯಮಾನುಸಾರವಾದ ಪೂರ್ವಪರಿಶೀಲನೆ ನಡೆದಿರಬೇಕು. ಫೇಸ್ ಒನ್ ಎಂದು ಕರೆಯುವ ಈ ಪರಿಶೀಲನೆಗೆ ಮಾನದಂಡಗಳನ್ನು ರೂಪಿಸುವ ಸಂಸ್ಥೆಯಾದ ಎಎಸ್‌ಟಿಎಂನ ಇ1527-21 ಎಂಬ ಮಾನದಂಡ ಬಳಕೆಯಲ್ಲಿದೆ. ಪರಿಶೀಲನೆ ಜಮೀನು ಪಡೆಯುವ ದಿನಕ್ಕಿಂತ ಒಂದು ವರ್ಷದೊಳಗಿನದಾಗಿರಬೇಕು. ಅದರಲ್ಲೂ ಸ್ಥಳ ಭೇಟಿ, ಸಂದರ್ಶನ, ಸರ್ಕಾರಿ ದಾಖಲೆಗಳ ಪರಿಶೀಲನೆಯಂಥ ಭಾಗಗಳು 180 ದಿನಗಳೊಳಗಿನವಾಗಿರಬೇಕು. ಗ್ರಿಡ್ ಅನುಮತಿಗಾಗಿ ಕಾಯುತ್ತ ಕಾಯುತ್ತ ಈ ಅವಧಿ ಮೀರಿಹೋಗುವುದು ಸಾಮಾನ್ಯ. ಗುತ್ತಿಗೆ ಜಾರಿಗೆ ಬರುವ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತಿಸಿ, ಅಲ್ಲಿಂದ ಹಿಂದಕ್ಕೆ ಎಣಿಸಿ ವರದಿಯನ್ನು ನವೀಕರಿಸುವುದು ಒಳ್ಳೆಯದು. ಜಮೀನು ಪಡೆದ ನಂತರವೂ ಕರ್ತವ್ಯಗಳು ಉಳಿಯುತ್ತವೆ: ಶುಚಿಕಾರ್ಯಕ್ಕೆ ಬರುವವರಿಗೆ ಜಾಗ ಬಿಡಬೇಕು, ಬಳಕೆಯ ನಿರ್ಬಂಧಗಳನ್ನು ಪಾಲಿಸಬೇಕು, ಮಾಲಿನ್ಯ ಹರಡದಂತೆ ಸಮಂಜಸ ಕ್ರಮ ಕೈಗೊಳ್ಳಬೇಕು.

ಇದರ ಜೊತೆಗೆ ರಾಜ್ಯದ ಸ್ವಯಂಪ್ರೇರಿತ ಶುಚೀಕರಣ ಕಾರ್ಯಕ್ರಮದಲ್ಲಿ ಜಮೀನನ್ನು ಸೇರಿಸಲು ಸಾಧ್ಯವೇ ಎಂದು ವಿಚಾರಿಸಬೇಕು. ಕೆಲಸ ಮುಗಿದ ಮೇಲೆ ಹಲವು ರಾಜ್ಯಗಳು ‘ಇನ್ನು ಕ್ರಮದ ಅಗತ್ಯವಿಲ್ಲ’ ಎಂಬ ಪತ್ರವನ್ನೋ ದಾವೆ ಹೂಡುವುದಿಲ್ಲವೆಂಬ ಒಪ್ಪಂದವನ್ನೋ ಕೊಡುತ್ತವೆ. ನೇರವಾಗಿ ನಗದು ಬರುವುದಿಲ್ಲವೆಂಬ ಕಾರಣಕ್ಕೆ ಇದನ್ನು ಪ್ರೋತ್ಸಾಹವೆಂದು ಪರಿಗಣಿಸದವರು ಅನೇಕರಿದ್ದಾರೆ, ಆದರೆ ಸಾಲ ಕೊಡುವವರು ಮೊದಲು ಕೇಳುವುದು ಈ ಪತ್ರವನ್ನೇ. ಮ್ಯಾಸಚೂಸೆಟ್ಸ್ ಮತ್ತು ನ್ಯೂಜೆರ್ಸಿಯಲ್ಲಿ ರಾಜ್ಯದ ಪರವಾನಗಿ ಪಡೆದ ಶುಚೀಕರಣ ತಜ್ಞರೇ ಬಹುತೇಕ ತಾಂತ್ರಿಕ ತೀರ್ಮಾನಗಳನ್ನು ದೃಢೀಕರಿಸುತ್ತಾರೆ. ಅಂಥವರನ್ನು ಮೊದಲ ದಿನದಿಂದಲೇ ಜೊತೆಗಿಟ್ಟುಕೊಳ್ಳುವುದು ಸೂಕ್ತ.

ರಾಜ್ಯಗಳು ಹಣ ಕೊಡುವ ಬಗೆಗಳು

ಮೊದಲನೆಯದು ಹೆಚ್ಚುವರಿ ದರ. ಉತ್ಪಾದಿಸಿದ ಪ್ರತಿ ಯೂನಿಟ್‌ಗೆ ಕೊಡುವ ಮೂಲ ದರದ ಮೇಲೆ ಜಾಗದ ಸ್ವರೂಪವನ್ನು ನೋಡಿ ಇಷ್ಟು ಸೆಂಟ್ ಹೆಚ್ಚು ಎಂದು ಕೊಡುವ ಪದ್ಧತಿ ಇದು. ಮ್ಯಾಸಚೂಸೆಟ್ಸ್‌ನ ‘ಸ್ಮಾರ್ಟ್’ ಕಾರ್ಯಕ್ರಮ 2018ರ ನವೆಂಬರ್‌ನಲ್ಲಿ ಆರಂಭವಾದಾಗ ಬ್ರೌನ್‌ಫೀಲ್ಡ್‌ಗೆ ಯೂನಿಟ್‌ಗೆ 3 ಸೆಂಟ್, ಲ್ಯಾಂಡ್‌ಫಿಲ್‌ಗೆ 4 ಸೆಂಟ್ ಹೆಚ್ಚುವರಿ ನಿಗದಿಯಾಗಿತ್ತು. ಕಾಡು, ಹೊಲದಂಥ ಹಸಿರು ಜಮೀನಿನಲ್ಲಿ ಕಟ್ಟಿದರೆ ದರದಲ್ಲಿ ಕಡಿತವೂ ಇತ್ತು. 25 ಕಿಲೋವ್ಯಾಟ್ ಮೀರಿದ ಘಟಕಗಳಿಗೆ ಈ ದರ 20 ವರ್ಷಗಳವರೆಗೆ ಸಲ್ಲುತ್ತದೆ. ಲೆಕ್ಕ ಹಾಕಿ ನೋಡಿದರೆ ಇದರ ಮಹತ್ವ ತಿಳಿಯುತ್ತದೆ. ಲ್ಯಾಂಡ್‌ಫಿಲ್ ಮೇಲೆ ನಿಂತ 2 ಮೆಗಾವ್ಯಾಟ್ ಘಟಕವೊಂದು ವರ್ಷಕ್ಕೆ 25 ಲಕ್ಷ ಯೂನಿಟ್ ಉತ್ಪಾದಿಸುತ್ತದೆ ಎಂದಿಟ್ಟುಕೊಂಡರೆ, 4 ಸೆಂಟ್‌ನಂತೆ ವರ್ಷಕ್ಕೆ 1 ಲಕ್ಷ ಡಾಲರ್, 20 ವರ್ಷಕ್ಕೆ 20 ಲಕ್ಷ ಡಾಲರ್ ಆಗುತ್ತದೆ. ಆದರೆ ಅದು ಕಂತುಕಂತಾಗಿ ಬರುವ ಹಣ. ಕಟ್ಟುವಾಗ ತಗಲುವ ಹೆಚ್ಚಿನ ವೆಚ್ಚವನ್ನು ಸಾಲದಿಂದಲೋ ಹೂಡಿಕೆಯಿಂದಲೋ ಮೊದಲೇ ಭರಿಸಬೇಕು. ಕಾರ್ಯಕ್ರಮಕ್ಕೆ ನಿಗದಿಪಡಿಸಿದ ಒಟ್ಟು ಸಾಮರ್ಥ್ಯದ ಹಂತಗಳು ಒಂದೊಂದಾಗಿ ತುಂಬುತ್ತ ಹೋದಂತೆ ಹೆಚ್ಚುವರಿ ದರ ಇಳಿಯುವ ವ್ಯವಸ್ಥೆಯೂ ಅದರಲ್ಲಿತ್ತು. 2025ರಲ್ಲಿ ಕಾರ್ಯಕ್ರಮ ಹೊಸ ನಿಯಮಾವಳಿಗೆ ಹೊರಳಿತು. ಹಾಗಾಗಿ ಹಳೆಯ ಕೋಷ್ಟಕವನ್ನು ನಂಬಿ ಲೆಕ್ಕ ಕಟ್ಟದೆ, ಅರ್ಜಿ ಹಾಕುವ ವರ್ಷದ ದರವನ್ನೇ ಇಲಾಖೆಯ ಪ್ರಕಟಣೆಯಿಂದ ತೆಗೆದುಕೊಳ್ಳಬೇಕು.

ಎರಡನೆಯದು ಮೀಸಲು ಪಾಲು. ಇಲ್ಲಿ ಕಲುಷಿತ ಜಮೀನಿನ ಯೋಜನೆಗಳು ಹೊಲಗಳಲ್ಲಿನ ಅಗ್ಗದ ಯೋಜನೆಗಳೊಡನೆ ಸೆಣಸಬೇಕಾಗಿಲ್ಲ, ತಮ್ಮೊಳಗೆ ಮಾತ್ರ ಸ್ಪರ್ಧಿಸುತ್ತವೆ. ಇಲಿನಾಯ್ 2021ರ ಕಾನೂನಿನ ಮೂಲಕ, ಹೊಸ ಸೌರ ಯೋಜನೆಗಳಿಂದ ಕೊಳ್ಳುವ ನವೀಕರಿಸಬಹುದಾದ ಇಂಧನ ಪ್ರಮಾಣಪತ್ರಗಳಲ್ಲಿ (ಉತ್ಪಾದಿಸಿದ ಹಸಿರು ವಿದ್ಯುತ್ತಿನ ಲೆಕ್ಕಕ್ಕೆ ಸಿಗುವ, ಮಾರಬಹುದಾದ ಪತ್ರಗಳು) ಕನಿಷ್ಠ ಶೇ 3ರಷ್ಟನ್ನು ಬ್ರೌನ್‌ಫೀಲ್ಡ್ ಯೋಜನೆಗಳಿಗೆ ಮೀಸಲಿಟ್ಟಿತು. ಖರೀದಿಯನ್ನು ರಾಜ್ಯದ ಸಂಸ್ಥೆಯಾದ ಇಲಿನಾಯ್ ಪವರ್ ಏಜೆನ್ಸಿ ಟೆಂಡರ್ ಮೂಲಕ ನಡೆಸುತ್ತದೆ. ನ್ಯೂಜೆರ್ಸಿಯ ಸ್ಪರ್ಧಾತ್ಮಕ ಸೌರ ಪ್ರೋತ್ಸಾಹಧನ ಕಾರ್ಯಕ್ರಮದಲ್ಲಿ ಕಲುಷಿತ ತಾಣ ಮತ್ತು ಲ್ಯಾಂಡ್‌ಫಿಲ್‌ಗಳಿಗೆಂದೇ ಬೇರೆ ವಿಭಾಗವಿದೆ, ಗೆದ್ದವರಿಗೆ 15 ವರ್ಷಗಳ ಕಾಲ ಪ್ರಮಾಣಪತ್ರದ ಹಣ ಸಿಗುತ್ತದೆ. ಟೆಂಡರ್ ಪದ್ಧತಿಯಲ್ಲಿ ಅತಿ ಕಡಿಮೆ ದರ ಕೂಗಿ ಗೆದ್ದು, ನಂತರ ನೆಲದೊಳಗೆ ಅನಿರೀಕ್ಷಿತವಾದದ್ದೇನಾದರೂ ಸಿಕ್ಕಿ ಯೋಜನೆಯನ್ನೇ ಕೈಬಿಡುವ ಅಪಾಯವಿರುತ್ತದೆ. ಮಣ್ಣು ಮತ್ತು ಅಂತರ್ಜಲದ ಮಾದರಿ ತೆಗೆದು ಪರೀಕ್ಷಿಸುವ ಫೇಸ್ ಟು ವರದಿ ಕೈಯಲ್ಲಿಲ್ಲದೆ ಬೆಲೆ ಕೂಗುವುದನ್ನು ನಾನು ಯಾರಿಗೂ ಸಲಹೆ ಮಾಡಲಾರೆ.

ಮೂರನೆಯ ಬಗೆಯಲ್ಲಿ ಹಣಕ್ಕಿಂತ ಪ್ರವೇಶಾವಕಾಶವೇ ಪ್ರೋತ್ಸಾಹವಾಗುತ್ತದೆ. ವರ್ಮಾಂಟ್‌ನ ನೆಟ್ ಮೀಟರಿಂಗ್ ನಿಯಮಗಳು (ಗ್ರಿಡ್‌ಗೆ ಕೊಟ್ಟ ವಿದ್ಯುತ್ತನ್ನು ಗ್ರಾಹಕರ ಬಿಲ್ಲಿನಲ್ಲಿ ಕಳೆಯುವ ಪದ್ಧತಿಯ ನಿಯಮಗಳು) ಬ್ರೌನ್‌ಫೀಲ್ಡ್, ಮುಚ್ಚಿದ ಲ್ಯಾಂಡ್‌ಫಿಲ್, ಬಳಕೆ ಮುಗಿದ ಜಲ್ಲಿ ಕ್ವಾರಿ ಮುಂತಾದವುಗಳನ್ನು ‘ಆದ್ಯತೆಯ ತಾಣ’ಗಳೆಂದು ಹೆಸರಿಸಿವೆ, 150 ಕಿಲೋವ್ಯಾಟ್ ಮೀರಿದ ಘಟಕಕ್ಕೆ ಇಂಥ ತಾಣವೇ ಬೇಕೆಂದು 2017ರ ನಿಯಮ ಹೇಳಿತು. ನ್ಯೂಜೆರ್ಸಿಯ ಸಮುದಾಯ ಸೌರ ಕಾರ್ಯಕ್ರಮವೂ ಚಾವಣಿ, ವಾಹನ ನಿಲುಗಡೆಯ ಮೇಲ್ಛಾವಣಿ, ಕಲುಷಿತ ತಾಣ, ಲ್ಯಾಂಡ್‌ಫಿಲ್ ಮೊದಲಾದವುಗಳಿಗೆ ಸೀಮಿತವಾಗಿದೆ, ಹೊಲಗದ್ದೆಗೆ ಅಲ್ಲಿ ಜಾಗವಿಲ್ಲ. ಊರಿನ ನೂರಾರು ಮನೆಗಳು ಒಂದು ಘಟಕದ ಪಾಲನ್ನು ಹಂಚಿಕೊಂಡು ತಮ್ಮ ವಿದ್ಯುತ್ ಬಿಲ್ಲಿನಲ್ಲಿ ಉಳಿತಾಯ ಪಡೆಯುವ ವ್ಯವಸ್ಥೆ ಅದು. ದಶಕಗಳ ಕಾಲ ದುರ್ವಾಸನೆಯನ್ನೂ ಲಾರಿಗಳ ಓಡಾಟವನ್ನೂ ಸಹಿಸಿದ ನೆರೆಹೊರೆಗೆ ಅದೇ ಲ್ಯಾಂಡ್‌ಫಿಲ್ ಕಡೆಗೂ ಏನನ್ನಾದರೂ ಹಿಂದಿರುಗಿಸಬೇಕಾದರೆ ಈ ಮಾದರಿಯೇ ಹೆಚ್ಚು ನ್ಯಾಯಯುತವೆಂದು ನನ್ನ ಅಭಿಪ್ರಾಯ.

ನ್ಯೂಯಾರ್ಕ್ ಇನ್ನೊಂದು ದಾರಿ ಹಿಡಿದಿದೆ. 2020ರ ಕಾನೂನಿನಿಂದ ಹುಟ್ಟಿದ ‘ಬಿಲ್ಡ್-ರೆಡಿ’ ಕಾರ್ಯಕ್ರಮದಲ್ಲಿ ರಾಜ್ಯದ ಇಂಧನ ಪ್ರಾಧಿಕಾರವಾದ ನೈಸರ್ಡಾ ತಾನೇ ಹಾಳು ಜಮೀನನ್ನು ಹುಡುಕಿ, ಅನುಮತಿಗಳನ್ನು ಪಡೆದು, ಗ್ರಿಡ್ ಜೋಡಣೆಯ ಸಿದ್ಧತೆ ಮುಗಿಸಿ, ಆಮೇಲೆ ಯೋಜನೆಯನ್ನು ಖಾಸಗಿ ಡೆವಲಪರ್‌ಗಳಿಗೆ ಹರಾಜಿಗಿಡುತ್ತದೆ. ಸ್ಟಾರ್ ಲೇಕ್ ಬಳಿಯ ಬೆನ್ಸನ್ ಮೈನ್ಸ್ ಎಂಬ ಹಳೆಯ ಕಬ್ಬಿಣದ ಗಣಿಯ ತ್ಯಾಜ್ಯದ ರಾಶಿಯನ್ನು ಅದು ತನ್ನ ಮೊದಲ ತಾಣವಾಗಿ ಆರಿಸಿಕೊಂಡಿತು. ಜಮೀನಿನ ಮಾಲೀಕರು ಇಂಥ ಕಾರ್ಯಕ್ರಮಕ್ಕೆ ತಮ್ಮ ತಾಣವನ್ನು ಸೂಚಿಸಬಹುದು. ಇದಲ್ಲದೆ ರಾಜ್ಯದ ಬ್ರೌನ್‌ಫೀಲ್ಡ್ ಶುಚೀಕರಣ ಕಾರ್ಯಕ್ರಮ ತೆರಿಗೆ ಕ್ರೆಡಿಟ್, ಅಂದರೆ ಕಟ್ಟಬೇಕಾದ ತೆರಿಗೆಯಲ್ಲಿ ಕಡಿತ, ಕೊಡುತ್ತದೆ. ನಗದು, ಕ್ರೆಡಿಟ್, ಹೆಚ್ಚುವರಿ ದರ ಇವುಗಳಲ್ಲಿ ಯಾವುದನ್ನು ಯಾವುದರೊಡನೆ ಕೂಡಿಸಿ ಪಡೆಯಬಹುದೆಂಬುದನ್ನು ಇಲಾಖೆಯಿಂದ ಲಿಖಿತವಾಗಿಯೇ ಪಡೆಯಬೇಕು.

ಫೆಡರಲ್ ತೆರಿಗೆ ಕ್ರೆಡಿಟ್ ರಾಜ್ಯದ ವಿಷಯವಲ್ಲದಿದ್ದರೂ ಲೆಕ್ಕದಿಂದ ಬಿಡಲಾಗದು. 2022ರ ಕಾನೂನಿನಂತೆ, ಬ್ರೌನ್‌ಫೀಲ್ಡ್‌ನಲ್ಲಿ ಕಟ್ಟಿ ವೇತನದ ಷರತ್ತುಗಳನ್ನು ಪಾಲಿಸಿದ ಘಟಕಕ್ಕೆ ಹೂಡಿಕೆಯ ಮೇಲಿನ ತೆರಿಗೆ ಕ್ರೆಡಿಟ್ ವೆಚ್ಚದ ಶೇ 30ರಿಂದ ಶೇ 40ಕ್ಕೆ ಏರುತ್ತದೆ. 5 ಮೆಗಾವ್ಯಾಟ್‌ಗೆ ಮೀರದ ಯೋಜನೆಗೆ ಮಾಲಿನ್ಯದ ಸಾಧ್ಯತೆಯನ್ನು ಗುರುತಿಸಿದ ಫೇಸ್ ಒನ್ ವರದಿಯೇ ಸಾಕೆಂದೂ, ದೊಡ್ಡ ಯೋಜನೆಗಳಿಗೆ ಸರ್ಕಾರದ ಪಟ್ಟಿಯಲ್ಲಿ ದಾಖಲೆಯೋ ಫೇಸ್ ಟು ಪರೀಕ್ಷೆಯೋ ಬೇಕೆಂದೂ ತೆರಿಗೆ ಇಲಾಖೆ 2023ರಲ್ಲಿ ತಿಳಿಸಿತು. ಆದರೆ 2025ರ ಜುಲೈ 4ರಂದು ಸಹಿಯಾದ ಕಾನೂನು ಸೌರ ಮತ್ತು ಗಾಳಿ ಘಟಕಗಳಿಗೆ ಗಡುವು ಹಾಕಿದೆ: 2026ರ ಜುಲೈ 4ರೊಳಗೆ ನಿರ್ಮಾಣ ಆರಂಭವಾಗಿರಬೇಕು, ಆಗಿರದಿದ್ದರೆ 2027ರ ಕೊನೆಯೊಳಗೆ ಘಟಕ ಚಾಲೂ ಆಗಿರಬೇಕು. ಕಲುಷಿತ ಜಮೀನಿನ ಅನುಮತಿಗಳಿಗೆ ಹಿಡಿಯುವ ಕಾಲವನ್ನು ನೋಡಿದರೆ ಹೊಸ ಯೋಜನೆಗೆ ಇದು ಬಹಳ ಬಿಗಿ. ರಾಜ್ಯದ ಹಣ ಮಾತ್ರ ಸಿಕ್ಕಿದರೂ ಯೋಜನೆ ಗಿಟ್ಟುತ್ತದೆಯೇ ಎಂಬ ಲೆಕ್ಕವನ್ನೂ ಪ್ರತ್ಯೇಕವಾಗಿ ಮಾಡಿಟ್ಟುಕೊಳ್ಳಬೇಕು.

ಕಸದ ದಿಬ್ಬದ ಮೇಲೆ ಕಟ್ಟುವುದು

ಹೆಚ್ಚುವರಿ ದರ ಏಕೆ ಬೇಕೆಂಬುದು ಲ್ಯಾಂಡ್‌ಫಿಲ್ ಮೇಲೆ ನಿಂತು ನೋಡಿದರೆ ಅರ್ಥವಾಗುತ್ತದೆ. ಹುಲ್ಲು ಬೆಳೆದ ಮಣ್ಣಿನ ಪದರದ ಕೆಳಗೆ ನೀರು ಬಸಿಯುವ ಪದರ, ಅದರ ಕೆಳಗೆ ಪ್ಲಾಸ್ಟಿಕ್ ಹಾಳೆ ಅಥವಾ ಗಟ್ಟಿ ಜೇಡಿಮಣ್ಣು, ಅದರಡಿಯಲ್ಲಿ ಕಸ. ಆ ಹಾಳೆಗೆ ತೂತು ಬಿದ್ದರೆ ಮಳೆನೀರು ಕಸದೊಳಗೆ ಇಳಿದು ವಿಷಯುಕ್ತ ರಸವಾಗಿ ಹೊರಬರುತ್ತದೆ. ಆದ್ದರಿಂದ ಸಾಮಾನ್ಯ ಸೌರ ಘಟಕದಂತೆ ಇಲ್ಲಿ ಉಕ್ಕಿನ ಕಂಬಗಳನ್ನು ನೆಲಕ್ಕೆ ಹೊಡೆದು ಇಳಿಸುವಂತಿಲ್ಲ. ನೆಲದ ಮೇಲೆ ಕಾಂಕ್ರೀಟ್ ತೂಕಗಳನ್ನಿಟ್ಟು ಅವುಗಳ ಮೇಲೆ ಚೌಕಟ್ಟು ಕೂರಿಸುತ್ತಾರೆ. ವೈರುಗಳನ್ನು ಹೂಳದೆ ನೆಲದ ಮೇಲಿನ ಕೊಳವೆಗಳಲ್ಲಿ ಒಯ್ಯುತ್ತಾರೆ. ಕಸ ಕೊಳೆಯುತ್ತ ವರ್ಷಗಟ್ಟಲೆ ಕುಸಿಯುತ್ತಿರುವುದರಿಂದ ಚೌಕಟ್ಟನ್ನು ಮತ್ತೆ ಮಟ್ಟ ಮಾಡಲು ಬರಬೇಕು. ಮೀಥೇನ್ ಹೊರತೆಗೆಯುವ ಬಾವಿಗಳಿಗೆ, ಅಂತರ್ಜಲ ಅಳೆಯುವ ಬಾವಿಗಳಿಗೆ, ಹುಲ್ಲು ಕತ್ತರಿಸುವ ಯಂತ್ರಕ್ಕೆ ದಾರಿ ಬಿಡಬೇಕು. ಕಾಂಕ್ರೀಟ್ ಹೊತ್ತ ವಾಹನದ ಚಕ್ರದ ಭಾರ ಕೂಡ ಹಾಳೆ ತಾಳಬಹುದಾದ ಮಿತಿಯೊಳಗಿರಬೇಕು.

ಇವೆಲ್ಲವನ್ನೂ ಎಂಜಿನಿಯರ್ ಲೆಕ್ಕಸಮೇತ ತೋರಿಸಿದ ಮೇಲೆಯೇ ಪರಿಸರ ಇಲಾಖೆ ಒಪ್ಪಿಗೆ ಕೊಡುತ್ತದೆ. ಮ್ಯಾಸಚೂಸೆಟ್ಸ್‌ನಲ್ಲಿ ಇದಕ್ಕೆ ಮುಚ್ಚಿದ ನಂತರದ ಬಳಕೆಯ ಪರವಾನಗಿ ಎಂಬ ಪ್ರತ್ಯೇಕ ಅನುಮತಿ ಇದೆ. ಲ್ಯಾಂಡ್‌ಫಿಲ್ ಮುಚ್ಚಿದ ಮೇಲೂ ಸಾಮಾನ್ಯವಾಗಿ 30 ವರ್ಷ ಅದರ ಆರೈಕೆ ಮಾಡಬೇಕೆಂಬ ನಿಯಮವಿರುವುದರಿಂದ, ಆ ಆರೈಕೆಯ ಹೊಣೆ ಊರಿನ ಆಡಳಿತದ್ದೋ ಘಟಕದವರದ್ದೋ ಎಂಬುದನ್ನು ಗುತ್ತಿಗೆಯಲ್ಲಿ ಬಿಡಿಬಿಡಿಯಾಗಿ ಬರೆಯಬೇಕು. ಹುಲ್ಲು ಕತ್ತರಿಸುವವರು ಯಾರೆಂಬುದನ್ನೂ ಬಿಡಬಾರದು.

ಈ ಕಷ್ಟಗಳನ್ನು ದಾಟಿ ನಿಂತ ಘಟಕಗಳು ಸಾಕಷ್ಟಿವೆ. ಮ್ಯಾಸಚೂಸೆಟ್ಸ್‌ನ ಬ್ರಾಕ್ಟನ್‌ನಲ್ಲಿ ಹಳೆಯ ಗ್ಯಾಸ್ ಕಾರ್ಖಾನೆಯ ಜಾಗದಲ್ಲಿ 2006ರಲ್ಲಿಯೇ 425 ಕಿಲೋವ್ಯಾಟ್ ಘಟಕ ಎದ್ದಿತು. ನ್ಯೂಜೆರ್ಸಿಯ ಮೌಂಟ್ ಆಲಿವ್‌ನಲ್ಲಿ, ಒಂದು ಕಾಲದಲ್ಲಿ ಸೂಪರ್‌ಫಂಡ್ ತಾಣವಾಗಿದ್ದ ಕೂಂಬ್ ಫಿಲ್ ನಾರ್ತ್ ಲ್ಯಾಂಡ್‌ಫಿಲ್ ಮೇಲೆ 25.6 ಮೆಗಾವ್ಯಾಟ್ ಘಟಕವಿದೆ. ಗಾಳಿಯಂತ್ರಕ್ಕೆ ಆಳವಾದ ಅಡಿಪಾಯ ಬೇಕಾದ್ದರಿಂದ ಕಸದ ದಿಬ್ಬ ಅದಕ್ಕೆ ಒಗ್ಗುವುದಿಲ್ಲ. ಆದರೆ ನ್ಯೂಯಾರ್ಕ್‌ನ ಲ್ಯಾಕವಾನಾದಲ್ಲಿ ಬೆತ್ಲಹೆಮ್ ಸ್ಟೀಲ್ ಕಂಪನಿಯ ಹಳೆಯ ಜಾಗದಲ್ಲಿ, ಈರೀ ಸರೋವರದ ಗಾಳಿಗೆ ಮುಖ ಮಾಡಿ, 2007ರಿಂದ ಗಾಳಿಯಂತ್ರಗಳು ತಿರುಗುತ್ತಿವೆ.

ಗ್ರಿಡ್, ತೆರಿಗೆ, ಅರ್ಜಿ

ಹಳೆಯ ಕಾರ್ಖಾನೆಗಳ ಜಾಗಕ್ಕೆ ದೊಡ್ಡ ವಿದ್ಯುತ್ ಮಾರ್ಗ ಮೊದಲೇ ಬಂದಿರುವುದು ಅವುಗಳ ದೊಡ್ಡ ಅನುಕೂಲ. ಲ್ಯಾಂಡ್‌ಫಿಲ್‌ಗಳು ಊರಾಚೆ ಇರುವುದರಿಂದ ಅಲ್ಲಿ ಈ ಅನುಕೂಲ ಕಡಿಮೆ. ಮೂರು ಫೇಸ್ ಮಾರ್ಗ ಎಷ್ಟು ದೂರದಲ್ಲಿದೆ, ಆ ಫೀಡರ್ ಮತ್ತು ಸಬ್‌ಸ್ಟೇಷನ್‌ನಲ್ಲಿ ಇನ್ನೂ ಸಾಮರ್ಥ್ಯ ಉಳಿದಿದೆಯೇ ಎಂದು ಹಲವು ವಿದ್ಯುತ್ ಕಂಪನಿಗಳು ಪ್ರಕಟಿಸುವ ಸಾಮರ್ಥ್ಯ ನಕ್ಷೆಯಲ್ಲಿ ಮೊದಲೇ ನೋಡಬಹುದು. ಗ್ರಿಡ್ ಜೋಡಣೆಗೆ ಕಂಪನಿ ಹೇಳುವ ಖರ್ಚು ರಾಜ್ಯ ಕೊಡುವ ಎಲ್ಲ ಪ್ರೋತ್ಸಾಹಧನವನ್ನೂ ನುಂಗಿಬಿಡಬಹುದು. ಜೋಡಣೆಯ ಒಪ್ಪಂದ ಕೈಗೆ ಬರದೆ ಪ್ರೋತ್ಸಾಹಧನದ ಅರ್ಜಿಯನ್ನೇ ಸ್ವೀಕರಿಸದ ಕಾರ್ಯಕ್ರಮಗಳೂ ಇವೆ.

ಸ್ಥಳೀಯ ಆಸ್ತಿ ತೆರಿಗೆಯ ಮಾತನ್ನು ಬೇಗ ಮುಗಿಸಿಕೊಳ್ಳಬೇಕು. ನ್ಯೂಯಾರ್ಕ್‌ನಲ್ಲಿ ಸೌರ ಮತ್ತು ಗಾಳಿ ಘಟಕದಿಂದ ಹೆಚ್ಚಿದ ಆಸ್ತಿ ಮೌಲ್ಯಕ್ಕೆ 15 ವರ್ಷಗಳ ವಿನಾಯಿತಿ ಇದೆ, ಆದರೆ ಸ್ಥಳೀಯ ಆಡಳಿತಗಳು ಅದರಿಂದ ಹೊರಗುಳಿಯಬಹುದು ಅಥವಾ ತೆರಿಗೆಯ ಬದಲು ವಾರ್ಷಿಕ ಮೊತ್ತವೊಂದನ್ನು ಕೇಳಬಹುದು. ಆ ಮೊತ್ತ ನಿಗದಿಯಾಗದೆ ಸಾಲದಾತರು ಮುಂದೆ ಬರುವುದಿಲ್ಲ.

ಅರ್ಜಿಯೊಡನೆ ಲಗತ್ತಿಸುವ ನಕ್ಷೆಯ ಬಗ್ಗೆ ವಿಶೇಷ ಎಚ್ಚರ ಬೇಕು. ಇಡೀ ಸರ್ವೆ ನಂಬರಿನ ಗಡಿಯೂ ಮಾಲಿನ್ಯವೆಂದು ಗುರುತಿಸಿದ ಭಾಗದ ಗಡಿಯೂ ಒಂದೇ ಆಗಿರುವುದಿಲ್ಲ. ಫಲಕಗಳ ಸಾಲಿನ ಸ್ವಲ್ಪ ಭಾಗ ಲ್ಯಾಂಡ್‌ಫಿಲ್‌ನ ಮುಚ್ಚಿಗೆಯಿಂದಾಚೆ ಪಕ್ಕದ ಕಾಡಿನಂಚಿಗೆ ಚಾಚಿದ್ದರೆ, ಆ ಭಾಗಕ್ಕೆ ಹೆಚ್ಚುವರಿ ದರ ಸಲ್ಲುವುದೋ ಇಲ್ಲವೋ ಎಂಬ ಪ್ರಶ್ನೆ ಏಳುತ್ತದೆ. ಮುಚ್ಚಿಗೆಯ ಅಂಚು, ಮಾಲಿನ್ಯದ ಗಡಿ, ಫಲಕಗಳ ಗಡಿ ಮೂರನ್ನೂ ಒಂದೇ ಹಾಳೆಯಲ್ಲಿ ಬೇರೆ ಬೇರೆ ಗೆರೆಗಳಲ್ಲಿ ತೋರಿಸಿ, ಅರ್ಜಿ ಸಲ್ಲಿಸುವ ಮೊದಲೇ ಇಲಾಖೆಯ ಅಧಿಕಾರಿಗಳೊಡನೆ ಪೂರ್ವಭಾವಿ ಸಭೆ ಕೇಳಿ ಪಡೆಯಬೇಕು. ಆ ಸಭೆಗೆ ಇಂಧನ ಇಲಾಖೆಯವರೊಡನೆ ಪರಿಸರ ಇಲಾಖೆಯವರೂ ಬರುವಂತೆ ನೋಡಿಕೊಳ್ಳಬೇಕು, ಏಕೆಂದರೆ ಹಣ ಕೊಡುವವರು ಒಬ್ಬರು, ಜಮೀನು ಅರ್ಹವೆಂದು ಹೇಳುವವರು ಇನ್ನೊಬ್ಬರು.

ಗುತ್ತಿಗೆಯ ಅವಧಿ ಪ್ರೋತ್ಸಾಹಧನದ ಅವಧಿಗಿಂತ ಕಡಿಮೆಯಿರಬಾರದು. ಘಟಕದ ಆಯುಷ್ಯ ಮುಗಿದ ಮೇಲೆ ಫಲಕ, ಚೌಕಟ್ಟು, ಕಾಂಕ್ರೀಟ್ ತೂಕಗಳನ್ನು ತೆಗೆದು ಮುಚ್ಚಿಗೆಯನ್ನು ಮೊದಲಿನ ಸ್ಥಿತಿಗೆ ತರುವ ಖರ್ಚಿಗೆ ಬ್ಯಾಂಕ್ ಗ್ಯಾರಂಟಿ ಅಥವಾ ಠೇವಣಿ ಇಡುವ ಷರತ್ತು ಅದರಲ್ಲಿರಬೇಕು, ಆ ಮೊತ್ತವನ್ನು ಕೆಲವು ವರ್ಷಗಳಿಗೊಮ್ಮೆ ಪರಿಷ್ಕರಿಸುವ ಅವಕಾಶವೂ ಇರಬೇಕು. ಜಮೀನು ಊರಿನದಾಗಿದ್ದರೆ ಈ ಒಂದು ಷರತ್ತಿನ ವಿಷಯದಲ್ಲಿ ಆಡಳಿತದವರು ಯಾವ ಕಾರಣಕ್ಕೂ ರಾಜಿಯಾಗಬಾರದು.